ಎಡ್ಗರ್ ಎಫ್. ಕಾಡ್

ಎಡ್ಗರ್ ಫ್ರಾಂಕ್ ಕಾಡ್ (1923 – 2003) ಇಂಗ್ಲೆಂಡಿನಲ್ಲಿ ಜನಿಸಿ ಅಮೆರಿಕದಲ್ಲಿ ನೆಲೆಸಿದ ಗಣಕವಿಜ್ಞಾನಿ. ಗಣಕಯಂತ್ರದಲ್ಲಿ ಸಂಗ್ರಹಿಸಿದ ಮಾಹಿತಿಯನ್ನು ಕೋಷ್ಟಕಗಳ ರೂಪದಲ್ಲಿ ಕಾಣಬೇಕು ಎಂಬ ಸಂಬಂಧಾತ್ಮಕ ಮಾದರಿಯನ್ನು, ಅಂದರೆ ರಿಲೇಷನಲ್ ಮಾದರಿಯನ್ನು, ರೂಪಿಸಿದವರು ಇವರು. ಬ್ಯಾಂಕಿನ ಖಾತೆ, ರೈಲಿನ ಮುಂಗಡ ಟಿಕೆಟ್, ಶಾಲೆಯ ದಾಖಲಾತಿ, ಗ್ರಂಥಾಲಯದ ಸದಸ್ಯತ್ವ ಮುಂತಾದ ನಿತ್ಯವ್ಯವಹಾರಗಳ ಮಾಹಿತಿಯನ್ನು ಇಂದು ಬಹುಮಟ್ಟಿಗೆ ಇಂತಹ ಕೋಷ್ಟಕಗಳಲ್ಲೇ ಇಡಲಾಗುತ್ತದೆ. ಈ ಸಾಧನೆಗಾಗಿ ಅವರಿಗೆ 1981ರಲ್ಲಿ ಗಣಕವಿಜ್ಞಾನದ ಅತ್ಯುನ್ನತ ಗೌರವವಾದ ಟ್ಯೂರಿಂಗ್ ಪ್ರಶಸ್ತಿ ದೊರೆಯಿತು. ಇಂದಿನ ಪ್ರೋಗ್ರಾಮರುಗಳು ಒಂದು ಕೋಷ್ಟಕದ ದಾಖಲೆಗಳನ್ನು ನಿರ್ವಹಿಸಲು ಒಂದು ಕ್ಲಾಸನ್ನು ಬರೆಯುವ ರೂಢಿಯನ್ನು ಸರಿಯಾಗಿ ತಿಳಿಯಬೇಕಾದರೂ ಕಾಡ್ ಅವರ ವಿಚಾರಗಳ ಪರಿಚಯ ಅವಶ್ಯಕ.

ಜನನ ಮತ್ತು ವಿದ್ಯಾಭ್ಯಾಸ

ಕಾಡ್ ಅವರು 1923ರ ಆಗಸ್ಟ್ ತಿಂಗಳಿನಲ್ಲಿ ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಡಾರ್ಸೆಟ್ ಪ್ರಾಂತ್ಯಕ್ಕೆ ಸೇರಿದ ಪೋರ್ಟ್‌ಲ್ಯಾಂಡ್ ದ್ವೀಪದಲ್ಲಿ ಜನಿಸಿದರು. ತಂದೆ ಚರ್ಮದ ಉದ್ಯಮದಲ್ಲಿದ್ದರು. ತಾಯಿ ಶಾಲಾ ಶಿಕ್ಷಕಿ. ಏಳು ಮಕ್ಕಳಲ್ಲಿ ಇವರೇ ಕಿರಿಯರು. ಪೂಲ್ ಪಟ್ಟಣದ ಗ್ರಾಮರ್ ಶಾಲೆಯಲ್ಲಿ ಓದಿದ ಬಳಿಕ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಎಕ್ಸೆಟರ್ ಕಾಲೇಜನ್ನು ಸೇರಿ ಗಣಿತ ಮತ್ತು ರಸಾಯನಶಾಸ್ತ್ರಗಳನ್ನು ಅಭ್ಯಾಸ ಮಾಡಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ರಾಯಲ್ ವಾಯುಪಡೆಯ ಕರಾವಳಿ ದಳದಲ್ಲಿ ವಿಮಾನ ಚಾಲಕರಾಗಿ ಸೇವೆ ಸಲ್ಲಿಸಿ, ನೀರಿನ ಮೇಲೆ ಇಳಿಯಬಲ್ಲ ಸಂಡರ್‌ಲ್ಯಾಂಡ್ ಮಾದರಿಯ ವಿಮಾನಗಳನ್ನು ನಡೆಸಿದರು.

ಉದ್ಯೋಗದ ಆರಂಭದ ವರ್ಷಗಳು

ಯುದ್ಧಾನಂತರ 1948ರಲ್ಲಿ ಕಾಡ್ ಅವರು ನ್ಯೂಯಾರ್ಕಿಗೆ ತೆರಳಿದರು. ಅಲ್ಲಿ ಐಬಿಎಂ ಸಂಸ್ಥೆಯಲ್ಲಿ ಗಣಿತೀಯ ಪ್ರೋಗ್ರಾಮರ್ ಆಗಿ ಕೆಲಸಕ್ಕೆ ಸೇರಿದರು. ಆ ಕಾಲದಲ್ಲಿ ಗಣಕಯಂತ್ರವೊಂದು ಇಡೀ ಕೋಣೆಯನ್ನೇ ಆಕ್ರಮಿಸುತ್ತಿತ್ತು. 1953ರಲ್ಲಿ ಸೆನೆಟರ್ ಜೋಸೆಫ್ ಮೆಕಾರ್ತಿ ಅವರು ಕಮ್ಯುನಿಸ್ಟರ ಪತ್ತೆಯ ಹೆಸರಿನಲ್ಲಿ ನಡೆಸುತ್ತಿದ್ದ ವಿಚಾರಣೆಗಳಿಂದ ಬೇಸತ್ತ ಕಾಡ್, ಅಮೆರಿಕವನ್ನು ಬಿಟ್ಟು ಕೆನಡಾದ ಒಟ್ಟಾವಾ ನಗರಕ್ಕೆ ಹೋದರು. ಕೆಲವು ವರ್ಷಗಳ ನಂತರ ಅಮೆರಿಕಕ್ಕೆ ಮರಳಿ ಮತ್ತೆ ಐಬಿಎಂ ಸೇರಿದರು. ಸ್ಟ್ರೆಚ್ ಎಂಬ ಬೃಹತ್ ಗಣಕಯಂತ್ರದ ಯೋಜನೆಯಲ್ಲಿ, ಒಂದೇ ಯಂತ್ರ ಏಕಕಾಲದಲ್ಲಿ ಹಲವು ಪ್ರೋಗ್ರಾಮುಗಳನ್ನು ನಡೆಸುವಂತೆ ಮಾಡುವ ವಿಧಾನದ ಮೇಲೆ ಅವರು ಕೆಲಸ ಮಾಡಿದರು.

ನಾಲ್ವತ್ತರ ಹರೆಯದಲ್ಲಿ ಪುನಃ ವಿದ್ಯಾರ್ಥಿಯಾದದ್ದು ಅವರ ಜೀವನದ ಗಮನಾರ್ಹ ಸಂಗತಿ. ಆನ್ ಆರ್ಬರಿನಲ್ಲಿರುವ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಅಧ್ಯಯನ ನಡೆಸಿ 1965ರಲ್ಲಿ ಡಾಕ್ಟರೇಟ್ ಪದವಿಯನ್ನು ಪಡೆದರು. ತನ್ನಂತಹುದೇ ಇನ್ನೊಂದನ್ನು ತಾನೇ ನಿರ್ಮಿಸಬಲ್ಲ ಯಂತ್ರ ಸಾಧ್ಯವೇ ಎಂಬ ಪ್ರಶ್ನೆಯನ್ನು ಗಣಿತಜ್ಞ ಜಾನ್ ವಾನ್ ನ್ಯೂಮನ್ ಎತ್ತಿಕೊಂಡು, 29 ಸ್ಥಿತಿಗಳುಳ್ಳ ಕೋಶಗಳ ಒಂದು ಮಾದರಿಯನ್ನು ಕೊಟ್ಟಿದ್ದರು. ಅದೇ ಸಾಮರ್ಥ್ಯವನ್ನು ಕೇವಲ 8 ಸ್ಥಿತಿಗಳಿಂದ ಸಾಧಿಸಬಹುದೆಂದು ಕಾಡ್ ತೋರಿಸಿಕೊಟ್ಟರು. ಜಟಿಲವಾದುದನ್ನು ಕೆಲವೇ ಮೂಲಾಂಶಗಳಿಗೆ ಇಳಿಸುವ ಈ ಮನೋಧರ್ಮವೇ ಮುಂದೆ ದತ್ತಸಂಚಯದ ಕ್ಷೇತ್ರದಲ್ಲಿಯೂ ಅವರಿಗೆ ದಾರಿ ತೋರಿತು.

ಅಂದಿನ ದತ್ತಸಂಚಯಗಳ ಸ್ಥಿತಿ

ಡಾಕ್ಟರೇಟ್ ಪಡೆದ ನಂತರ ಕಾಡ್ ಅವರು ಕ್ಯಾಲಿಫೋರ್ನಿಯದ ಸ್ಯಾನ್ ಹೋಸೆಯಲ್ಲಿದ್ದ ಐಬಿಎಂ ಸಂಶೋಧನಾಲಯಕ್ಕೆ ಬಂದರು. ಆಗ ದೊಡ್ಡ ಸಂಸ್ಥೆಗಳು ತಮ್ಮ ಮಾಹಿತಿಯನ್ನು ಮುಖ್ಯವಾಗಿ ಎರಡು ಬಗೆಯಲ್ಲಿ ಜೋಡಿಸಿಡುತ್ತಿದ್ದವು. ಮೊದಲನೆಯದು ವಂಶವೃಕ್ಷದಂತೆ ಮೇಲಿನಿಂದ ಕೆಳಕ್ಕೆ ಕವಲೊಡೆಯುವ ಶ್ರೇಣೀಕೃತ ಮಾದರಿ. ಚಂದ್ರಯಾನದ ಅಪೋಲೋ ಯೋಜನೆಯ ಅಗತ್ಯಕ್ಕಾಗಿ ರೂಪುಗೊಂಡ ಐಬಿಎಂನ ಐಎಂಎಸ್ ಈ ಬಗೆಯದು. ಎರಡನೆಯದು ದಾಖಲೆಯಿಂದ ದಾಖಲೆಗೆ ಕೊಂಡಿಗಳನ್ನು ಹಾಕುತ್ತ ಹೋಗುವ ಜಾಲ ಮಾದರಿ. ಇದರ ಮುಖ್ಯ ಪ್ರತಿಪಾದಕರು ಚಾರ್ಲ್ಸ್ ಬ್ಯಾಕ್‌ಮನ್.

ಈ ಎರಡರಲ್ಲಿಯೂ ಮಾಹಿತಿಯನ್ನು ಪಡೆಯಬೇಕಾದರೆ ಅದನ್ನು ತಲುಪುವ ಹಾದಿಯನ್ನು ಪ್ರೋಗ್ರಾಮರ್ ತಿಳಿದಿರಬೇಕಾಗಿತ್ತು. ಯಾವ ದಾಖಲೆಯಿಂದ ಹೊರಡಬೇಕು, ಯಾವ ಕೊಂಡಿಯನ್ನು ಹಿಡಿಯಬೇಕು, ಯಾವ ಕ್ರಮದಲ್ಲಿ ಮುಂದುವರಿಯಬೇಕು ಎಂಬುದೆಲ್ಲ ಪ್ರೋಗ್ರಾಮಿನೊಳಗೇ ಬರೆದಿರುತ್ತಿತ್ತು. ಸಂಗ್ರಹದ ವ್ಯವಸ್ಥೆಯನ್ನು ತುಸು ಬದಲಿಸಿದರೂ ಅದನ್ನು ನಂಬಿದ್ದ ಪ್ರೋಗ್ರಾಮುಗಳು ಕೆಡುತ್ತಿದ್ದವು. ಮೊದಲೇ ಊಹಿಸದ ಹೊಸ ಪ್ರಶ್ನೆಯೊಂದನ್ನು ಕೇಳಬೇಕಾದರೆ ಹೊಸ ಪ್ರೋಗ್ರಾಮನ್ನೇ ಬರೆಯಬೇಕಾಗುತ್ತಿತ್ತು.

ಸಂಬಂಧಾತ್ಮಕ ಮಾದರಿ

ಈ ತೊಡಕಿಗೆ ಕಾಡ್ ಕಂಡುಕೊಂಡ ಪರಿಹಾರ ಗಣಿತದ ಗಣಸಿದ್ಧಾಂತದಿಂದ ಬಂದದ್ದು. 1969ರಲ್ಲಿ ಐಬಿಎಂನ ಆಂತರಿಕ ವರದಿಯಾಗಿ ಬರೆದ ವಿಚಾರವನ್ನು ವಿಸ್ತರಿಸಿ, 1970ರ ಜೂನ್ ತಿಂಗಳಿನಲ್ಲಿ ಅಮೆರಿಕದ ಗಣಕವಿಜ್ಞಾನ ಸಂಘವಾದ ಎಸಿಎಂನ ನಿಯತಕಾಲಿಕೆಯಲ್ಲಿ ಪ್ರಕಟಿಸಿದರು. ಹಲವರು ಹಂಚಿಕೊಂಡು ಬಳಸುವ ಬೃಹತ್ ದತ್ತನಿಧಿಗಳಿಗೆ ಸಂಬಂಧಾತ್ಮಕ ಮಾದರಿಯನ್ನು ಪ್ರತಿಪಾದಿಸಿದ ಈ ಲೇಖನ ಗಣಕವಿಜ್ಞಾನದ ಇತಿಹಾಸದಲ್ಲಿ ಒಂದು ಮೈಲಿಗಲ್ಲು.

ಇಲ್ಲಿ ಸಂಬಂಧ ಎಂಬ ಪದವನ್ನು ಎರಡು ಕೋಷ್ಟಕಗಳ ನಡುವಿನ ನಂಟು ಎಂದು ವಿದ್ಯಾರ್ಥಿಗಳು ಅನೇಕವೇಳೆ ತಪ್ಪಾಗಿ ತಿಳಿಯುತ್ತಾರೆ. ಗಣಿತದಲ್ಲಿ ಸಂಬಂಧವೆಂದರೆ ಬೆಲೆಗಳ ಕ್ರಮಯುತ ಗುಂಪುಗಳ ಗಣ. ಅದನ್ನು ಕಾಗದದ ಮೇಲೆ ಬರೆದರೆ ಕೋಷ್ಟಕವಾಗುತ್ತದೆ. ಆದ್ದರಿಂದ ಪ್ರತಿಯೊಂದು ಕೋಷ್ಟಕವೂ ತನ್ನಷ್ಟಕ್ಕೆ ಒಂದು ಸಂಬಂಧವೇ. ಕೋಷ್ಟಕದ ಅಡ್ಡಸಾಲು ಒಂದು ದಾಖಲೆ; ಕಂಬಸಾಲು ಆ ದಾಖಲೆಯ ಒಂದು ಗುಣ. ಪ್ರತಿ ಅಡ್ಡಸಾಲನ್ನೂ ಉಳಿದವುಗಳಿಂದ ಬೇರ್ಪಡಿಸಿ ಗುರುತಿಸುವ ಬೆಲೆಗೆ ಪ್ರೈಮರಿ ಕೀ ಎಂದು ಹೆಸರು. ಗಣದಲ್ಲಿ ಒಂದೇ ಅಂಶ ಎರಡು ಬಾರಿ ಬರುವುದಿಲ್ಲ, ಅಂಶಗಳಿಗೆ ಮೊದಲು ಕೊನೆ ಎಂಬ ಕ್ರಮವೂ ಇಲ್ಲ. ಅಂತೆಯೇ ಕೋಷ್ಟಕದಲ್ಲಿಯೂ ಒಂದೇ ಸಾಲು ಎರಡು ಬಾರಿ ಇರಬಾರದು, ಸಾಲುಗಳ ಕ್ರಮಕ್ಕೆ ಅರ್ಥವಿರಬಾರದು ಎಂಬುದು ಕಾಡ್ ಅವರ ನಿಲುವು.

ಎರಡು ಕೋಷ್ಟಕಗಳನ್ನು ಸೇರಿಸಲು ಗುಪ್ತವಾದ ಕೊಂಡಿಗಳು ಬೇಕಿಲ್ಲ. ಎರಡರಲ್ಲಿಯೂ ಇರುವ ಸಮಾನ ಬೆಲೆಗಳೇ ಸಾಕು. ಉದಾಹರಣೆಗೆ, ಗ್ರಂಥಾಲಯವೊಂದರಲ್ಲಿ ಸದಸ್ಯರ ಕೋಷ್ಟಕ ಮತ್ತು ಎರವಲು ಕೋಷ್ಟಕಗಳಿವೆ ಎನ್ನೋಣ. ಎರವಲು ಕೋಷ್ಟಕದ ಸಾಲಿನಲ್ಲಿ ಸದಸ್ಯ ಸಂಖ್ಯೆ 57 ಎಂದಿದ್ದರೆ, ಸದಸ್ಯರ ಕೋಷ್ಟಕದಲ್ಲಿ 57ನೆಯ ಸಂಖ್ಯೆಯುಳ್ಳವರೇ ಆ ಪುಸ್ತಕವನ್ನು ಕೊಂಡೊಯ್ದವರು. ಬಳಕೆದಾರರು ತಮಗೆ ಏನು ಬೇಕೆಂದು ಹೇಳಿದರೆ ಸಾಕು. ಅದನ್ನು ಹೇಗೆ ಹುಡುಕಬೇಕೆಂಬ ಹೊಣೆ ಯಂತ್ರದ್ದು.

ಮುಂದಿನ ಎರಡು ವರ್ಷಗಳಲ್ಲಿ ಕಾಡ್ ಈ ಮಾದರಿಗೆ ಇನ್ನಷ್ಟು ಗಟ್ಟಿಯಾದ ತಳಹದಿಯನ್ನು ಹಾಕಿದರು. ಕೋಷ್ಟಕಗಳಿಂದ ಸಾಲುಗಳನ್ನು ಆಯುವ, ಕಂಬಸಾಲುಗಳನ್ನು ಬೇರ್ಪಡಿಸುವ, ಎರಡು ಕೋಷ್ಟಕಗಳನ್ನು ಜೋಡಿಸುವ ಕ್ರಿಯೆಗಳ ಬೀಜಗಣಿತವನ್ನು ರಚಿಸಿದರು. ಒಂದೇ ಸಂಗತಿಯನ್ನು ಹಲವೆಡೆ ಬರೆದಿಟ್ಟಾಗ ಒಂದೆಡೆ ತಿದ್ದಿ ಇನ್ನೊಂದೆಡೆ ಮರೆಯುವ ಅಪಾಯವನ್ನು ತಪ್ಪಿಸಲು ನಾರ್ಮಲೈಸೇಷನ್ ಎಂಬ ವಿಧಾನವನ್ನು ನೀಡಿದರು. ಮೇಲಿನ ಉದಾಹರಣೆಯಲ್ಲಿ ಸದಸ್ಯರ ವಿಳಾಸವನ್ನು ಪ್ರತಿ ಎರವಲಿನ ಸಾಲಿನಲ್ಲಿಯೂ ಬರೆಯದೆ ಸದಸ್ಯರ ಕೋಷ್ಟಕದಲ್ಲಿ ಒಮ್ಮೆ ಮಾತ್ರ ಬರೆಯುವುದು ಈ ವಿಧಾನದ ಫಲ.

ವಿರೋಧ ಮತ್ತು ಸ್ವೀಕಾರ

ಕಾಡ್ ಅವರ ವಿಚಾರವನ್ನು ಅವರದೇ ಸಂಸ್ಥೆ ಕೂಡಲೇ ಒಪ್ಪಲಿಲ್ಲ. ಐಎಂಎಸ್‌ನಿಂದ ಐಬಿಎಂಗೆ ಒಳ್ಳೆಯ ಆದಾಯವಿತ್ತು. ಅದಕ್ಕೆ ಪ್ರತಿಸ್ಪರ್ಧಿಯಾಗಬಲ್ಲ ಹೊಸ ಪದ್ಧತಿಯನ್ನು ಮಾರುಕಟ್ಟೆಗೆ ತರಲು ಸಂಸ್ಥೆ ಹಿಂದೇಟು ಹಾಕಿತು. ಗಣಿತದ ಭಾಷೆಯಲ್ಲಿದ್ದ ಲೇಖನಗಳು ಅನೇಕ ವೃತ್ತಿನಿರತರಿಗೆ ಕಠಿಣವೆನಿಸಿದವು. ಹಾದಿಯನ್ನು ಯಂತ್ರವೇ ಆರಿಸಿಕೊಂಡರೆ ಕೆಲಸ ನಿಧಾನವಾದೀತು ಎಂಬ ಆಕ್ಷೇಪವೂ ಪ್ರಬಲವಾಗಿತ್ತು. 1974ರಲ್ಲಿ ಎಸಿಎಂನ ಒಂದು ಸಮ್ಮೇಳನದಲ್ಲಿ ಕಾಡ್ ಮತ್ತು ಬ್ಯಾಕ್‌ಮನ್ ಅವರ ಪಕ್ಷಗಳ ನಡುವೆ ನಡೆದ ಬಹಿರಂಗ ಚರ್ಚೆ ಈ ಕ್ಷೇತ್ರದ ಪ್ರಸಿದ್ಧ ಘಟನೆಗಳಲ್ಲೊಂದು.

ಆಕ್ಷೇಪಗಳಿಗೆ ಉತ್ತರ ದೊರೆತದ್ದು ಪ್ರಯೋಗದಿಂದ. 1970ರ ದಶಕದಲ್ಲಿ ಐಬಿಎಂ ತನ್ನ ಸ್ಯಾನ್ ಹೋಸೆ ಸಂಶೋಧನಾಲಯದಲ್ಲಿ ಸಿಸ್ಟಮ್ ಆರ್ ಎಂಬ ಪ್ರಾಯೋಗಿಕ ಯೋಜನೆಯನ್ನು ಆರಂಭಿಸಿತು. ಅದರಲ್ಲಿ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ ಅವರು ರಚಿಸಿದ ಸೀಕ್ವೆಲ್ ಎಂಬ ಭಾಷೆಯೇ ಇಂದಿನ ಎಸ್‌ಕ್ಯೂಎಲ್. ಅದೇ ಕಾಲದಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಸ್ಟೋನ್‌ಬ್ರೇಕರ್ ಮತ್ತು ಯೂಜೀನ್ ವಾಂಗ್ ಅವರು ಇಂಗ್ರೆಸ್ ಎಂಬ ವ್ಯವಸ್ಥೆಯನ್ನು ಕಟ್ಟಿದರು. ಪ್ರಕಟಿತ ಲೇಖನಗಳನ್ನು ಆಧರಿಸಿ ಲ್ಯಾರಿ ಎಲಿಸನ್ ಮತ್ತು ಸಂಗಡಿಗರ ಸಂಸ್ಥೆ 1979ರಲ್ಲಿಯೇ ಒರಾಕಲ್ ಅನ್ನು ಮಾರಾಟಕ್ಕೆ ತಂದಿತು. ಐಬಿಎಂನ ಮೊದಲ ಎಸ್‌ಕ್ಯೂಎಲ್ ಉತ್ಪನ್ನ ಬಂದದ್ದು 1981ರಲ್ಲಿ. ಡಿಬಿ2 ಬಂದದ್ದು 1983ರಲ್ಲಿ. ಹೀಗೆ ಕಾಡ್ ಅವರ ವಿಚಾರದಿಂದ ಮೊದಲು ವ್ಯಾಪಾರ ಮಾಡಿದವರು ಹೊರಗಿನವರು.

ಎಸ್‌ಕ್ಯೂಎಲ್ ಲೋಕಪ್ರಿಯವಾದರೂ ಕಾಡ್ ಅವರಿಗೆ ಅದರಲ್ಲಿ ಪೂರ್ಣ ತೃಪ್ತಿಯಿರಲಿಲ್ಲ. ತಾವೇ ಸೂಚಿಸಿದ್ದ ಆಲ್ಫಾ ಎಂಬ ಭಾಷೆಯನ್ನು ಬದಿಗಿಡಲಾಗಿತ್ತು. ಒಂದೇ ಸಾಲು ಕೋಷ್ಟಕದಲ್ಲಿ ಎರಡು ಬಾರಿ ಇರಲು ಎಸ್‌ಕ್ಯೂಎಲ್ ಅವಕಾಶ ಕೊಡುವುದನ್ನು ಅವರು ಗಂಭೀರ ದೋಷವೆಂದು ಬರೆದರು.

ಹನ್ನೆರಡು ನಿಯಮಗಳು

1980ರ ದಶಕದಲ್ಲಿ ಅನೇಕ ಕಂಪನಿಗಳು ತಮ್ಮ ಹಳೆಯ ಉತ್ಪನ್ನಗಳಿಗೇ ರಿಲೇಷನಲ್ ಎಂಬ ಹೆಸರು ಅಂಟಿಸಿ ಮಾರತೊಡಗಿದವು. ನಿಜವಾದುದನ್ನು ಗುರುತಿಸುವ ಒರೆಗಲ್ಲಾಗಿ ಕಾಡ್ ಅವರು 1985ರಲ್ಲಿ ಕಂಪ್ಯೂಟರ್‌ವರ್ಲ್ಡ್ ಪತ್ರಿಕೆಯಲ್ಲಿ 12 ನಿಯಮಗಳನ್ನು ಪ್ರಕಟಿಸಿದರು. ಸೊನ್ನೆಯಿಂದ 12ರವರೆಗೆ ಎಣಿಸುವುದರಿಂದ ಇವು ವಾಸ್ತವವಾಗಿ 13. ಅವುಗಳಲ್ಲಿ ಕೆಲವು ಮುಖ್ಯವಾದವು ಹೀಗಿವೆ:

* ಎಲ್ಲ ಮಾಹಿತಿಯೂ ಕೋಷ್ಟಕದ ಬೆಲೆಗಳ ರೂಪದಲ್ಲಿಯೇ ಇರಬೇಕು.
* ಕೋಷ್ಟಕದ ಹೆಸರು, ಪ್ರೈಮರಿ ಕೀಯ ಬೆಲೆ, ಕಂಬಸಾಲಿನ ಹೆಸರು ಈ ಮೂರನ್ನು ಕೊಟ್ಟರೆ ಯಾವುದೇ ಬೆಲೆ ದೊರೆಯಬೇಕು.
* ಸೇರಿಸುವ, ತಿದ್ದುವ, ಅಳಿಸುವ ಕ್ರಿಯೆಗಳು ಒಂದೊಂದೇ ಸಾಲಿಗಲ್ಲದೆ ಸಾಲುಗಳ ಸಮೂಹಕ್ಕೂ ಒಮ್ಮೆಗೇ ಅನ್ವಯವಾಗಬೇಕು.
* ಸಂಗ್ರಹದ ವಿಧಾನ ಬದಲಾದರೂ ಪ್ರೋಗ್ರಾಮುಗಳು ಕೆಡಬಾರದು.
* ಮಾಹಿತಿಯ ಶುದ್ಧಿಗೆ ಸಂಬಂಧಿಸಿದ ನಿಯಮಗಳು ಪ್ರೋಗ್ರಾಮುಗಳಲ್ಲಿ ಅಲ್ಲ, ದತ್ತಸಂಚಯದಲ್ಲಿಯೇ ನೆಲೆಸಿರಬೇಕು.
* ಆ ನಿಯಮಗಳನ್ನು ತಪ್ಪಿಸಿ ಒಳನುಗ್ಗುವ ಅಡ್ಡದಾರಿ ಇರಬಾರದು.

ಈ ಎಲ್ಲ ನಿಯಮಗಳನ್ನೂ ಸಂಪೂರ್ಣವಾಗಿ ಪಾಲಿಸುವುದು ವಾಣಿಜ್ಯ ಉತ್ಪನ್ನಗಳಿಗೆ ಸುಲಭವಾಗಲಿಲ್ಲ. ಆದರೂ ಪದವಿ ತರಗತಿಗಳ ಪಠ್ಯಗಳಲ್ಲಿ ಇವು ಇಂದಿಗೂ ಸ್ಥಾನ ಪಡೆದಿವೆ.

ಕೋಷ್ಟಕ ಮತ್ತು ಕ್ಲಾಸ್

ಕಾಡ್ ಅವರ ಮಾದರಿ ಬೆಳೆಯುತ್ತಿದ್ದ ಕಾಲದಲ್ಲಿಯೇ ಪ್ರೋಗ್ರಾಮಿಂಗ್ ಕ್ಷೇತ್ರದಲ್ಲಿ ಬೇರೊಂದು ಧಾರೆ ಹರಿಯುತ್ತಿತ್ತು. ನಾರ್ವೆಯ ಓಲೆ-ಯೋಹಾನ್ ದಾಲ್ ಮತ್ತು ಕ್ರಿಸ್ಟನ್ ನ್ಯೂಗಾರ್ಡ್ ಅವರ ಸಿಮುಲಾ 67 ಭಾಷೆ ಕ್ಲಾಸ್ ಮತ್ತು ಆಬ್ಜೆಕ್ಟ್ ಎಂಬ ಕಲ್ಪನೆಗಳನ್ನು ತಂದಿತು. ಕ್ಲಾಸ್ ಎಂದರೆ ಅಚ್ಚು. ಆಬ್ಜೆಕ್ಟ್ ಎಂದರೆ ಆ ಅಚ್ಚಿನಿಂದ ತೆಗೆದ ವಸ್ತು. ಆಬ್ಜೆಕ್ಟಿನೊಳಗೆ ಮಾಹಿತಿಯೂ ಇರುತ್ತದೆ, ಆ ಮಾಹಿತಿಯ ಮೇಲೆ ನಡೆಯುವ ಕ್ರಿಯೆಗಳೂ ಇರುತ್ತವೆ. ಈ ಕ್ರಿಯೆಗಳಿಗೆ ಮೆಥಡ್ ಎಂದು ಹೆಸರು.

ಮೇಲ್ನೋಟಕ್ಕೆ ಎರಡೂ ಧಾರೆಗಳು ಸುಲಭವಾಗಿ ಹೊಂದಿಕೊಳ್ಳುತ್ತವೆ. ಕೋಷ್ಟಕಕ್ಕೆ ಒಂದು ಕ್ಲಾಸ್, ಕಂಬಸಾಲಿಗೆ ಒಂದು ಗುಣ, ಅಡ್ಡಸಾಲಿಗೆ ಒಂದು ಆಬ್ಜೆಕ್ಟ್. ಗ್ರಂಥಾಲಯದ ಉದಾಹರಣೆಯಲ್ಲಿ ಸದಸ್ಯ ಎಂಬ ಕ್ಲಾಸಿಗೆ ಸಂಖ್ಯೆ, ಹೆಸರು, ವಿಳಾಸ ಎಂಬ ಗುಣಗಳಿರುತ್ತವೆ. ಹುಡುಕು ಎಂಬ ಮೆಥಡ್ ಸದಸ್ಯ ಸಂಖ್ಯೆಯನ್ನು ಪಡೆದು ಎಸ್‌ಕ್ಯೂಎಲ್‌ನ ಸೆಲೆಕ್ಟ್ ಆಜ್ಞೆಯನ್ನು ಕಳುಹಿಸಿ, ಬಂದ ಸಾಲಿನಿಂದ ಆಬ್ಜೆಕ್ಟನ್ನು ತುಂಬುತ್ತದೆ. ಉಳಿಸು ಎಂಬ ಮೆಥಡ್ ಸಂಖ್ಯೆಯ ಜಾಗ ಖಾಲಿಯಿದ್ದರೆ ಹೊಸ ಸದಸ್ಯರೆಂದು ತಿಳಿದು ಇನ್ಸರ್ಟ್ ಆಜ್ಞೆಯನ್ನೂ, ತುಂಬಿದ್ದರೆ ಹಳೆಯ ಸದಸ್ಯರೆಂದು ತಿಳಿದು ಅಪ್‌ಡೇಟ್ ಆಜ್ಞೆಯನ್ನೂ ಕಳುಹಿಸುತ್ತದೆ. ಅಳಿಸು ಎಂಬುದು ಡಿಲೀಟ್ ಆಜ್ಞೆಗೆ ಸಮ. ಪ್ರೋಗ್ರಾಮಿನ ಉಳಿದ ಭಾಗಗಳು ಎಸ್‌ಕ್ಯೂಎಲ್ ಅನ್ನು ಮುಟ್ಟುವ ಅಗತ್ಯವೇ ಇಲ್ಲ. ಕೋಷ್ಟಕಕ್ಕೆ ದೂರವಾಣಿ ಸಂಖ್ಯೆಯ ಕಂಬಸಾಲೊಂದನ್ನು ಸೇರಿಸಿದರೆ, ಆಜ್ಞೆಗಳನ್ನು ತಿದ್ದಬೇಕಾದದ್ದು ಆ ಒಂದು ಕ್ಲಾಸಿನಲ್ಲಿ ಮಾತ್ರ. ಬಳಕೆದಾರರು ಬರೆದ ಪಠ್ಯವನ್ನು ಆಜ್ಞೆಯೊಳಗೆ ನೇರವಾಗಿ ಅಂಟಿಸದೆ ಪ್ರತ್ಯೇಕ ಬೆಲೆಯಾಗಿ ಕಳುಹಿಸುವ ಎಚ್ಚರಿಕೆಯನ್ನೂ ಒಂದೇ ಕಡೆ ವಹಿಸಬಹುದು. ಈ ವಿನ್ಯಾಸಕ್ಕೆ ಆಕ್ಟಿವ್ ರೆಕಾರ್ಡ್ ಎಂಬ ಹೆಸರು ಕೊಟ್ಟವರು ಲೇಖಕ ಮಾರ್ಟಿನ್ ಫೌಲರ್. ರೂಬಿ ಆನ್ ರೇಲ್ಸ್ ಎಂಬ ತಂತ್ರಾಂಶ ಚೌಕಟ್ಟು ಅದನ್ನು ಜನಪ್ರಿಯಗೊಳಿಸಿತು.

ಆದರೆ ಎರಡು ಧಾರೆಗಳ ನಡುವೆ ಮೂಲಭೂತ ವ್ಯತ್ಯಾಸವೂ ಇದೆ. ಕ್ಲಾಸ್ ಮಾಹಿತಿಯನ್ನು ತನ್ನೊಳಗೆ ಮರೆಮಾಡಿ ಮೆಥಡುಗಳ ಮೂಲಕ ಮಾತ್ರ ತೋರಿಸುತ್ತದೆ. ಕಾಡ್ ಅವರ ಕೋಷ್ಟಕವಾದರೋ ಮಾಹಿತಿಯನ್ನು ಬಯಲಲ್ಲಿಟ್ಟು, ಯಾರು ಯಾವ ಪ್ರಶ್ನೆ ಕೇಳಿದರೂ ಉತ್ತರಿಸಲು ಸಿದ್ಧವಾಗಿರುತ್ತದೆ. ಆಬ್ಜೆಕ್ಟುಗಳು ಒಂದನ್ನೊಂದು ನೇರ ಕೊಂಡಿಯಿಂದ ಹಿಡಿದಿರುತ್ತವೆ. ಕೋಷ್ಟಕಗಳು ಸಮಾನ ಬೆಲೆಗಳಿಂದ ಮಾತ್ರ ಕೂಡುತ್ತವೆ.

ಈ ವ್ಯತ್ಯಾಸವನ್ನು ಮರೆತಾಗ ಎರಡು ತೊಂದರೆಗಳು ತಲೆದೋರುತ್ತವೆ. ಮೊದಲನೆಯದು ನಿಧಾನಗತಿ. ಎರವಲು ಪಡೆದ 500 ಸದಸ್ಯರ ಹೆಸರು ಬೇಕಾದಾಗ, ಎರವಲಿನ ಪಟ್ಟಿಯನ್ನು ಒಂದು ಆಜ್ಞೆಯಿಂದ ತಂದು, ಅನಂತರ ಪ್ರತಿ ಸದಸ್ಯರಿಗೂ ಹುಡುಕು ಮೆಥಡನ್ನು ಕರೆದರೆ ಒಟ್ಟು 501 ಆಜ್ಞೆಗಳಾಗುತ್ತವೆ. ಎರಡು ಕೋಷ್ಟಕಗಳನ್ನು ಜೋಡಿಸಿ ಕೇಳಿದರೆ ಒಂದೇ ಆಜ್ಞೆ ಸಾಕು. ದಾಖಲೆಯಿಂದ ದಾಖಲೆಗೆ ನಡೆದುಹೋಗುವ ಹಳೆಯ ಪದ್ಧತಿಯೇ ಕ್ಲಾಸಿನ ವೇಷದಲ್ಲಿ ಮರಳಿ ಬಂದಂತಾಗುತ್ತದೆ. ಸಮೂಹವನ್ನು ಒಮ್ಮೆಗೇ ನಿರ್ವಹಿಸಬೇಕೆಂಬ ಕಾಡ್ ಅವರ ನಿಯಮದ ಮಹತ್ವ ಇಲ್ಲಿ ಕಾಣುತ್ತದೆ.

ಎರಡನೆಯದು ಮಾಹಿತಿಯ ಅಶುದ್ಧಿ. ಇಬ್ಬರು ಸದಸ್ಯರಿಗೆ ಒಂದೇ ಸಂಖ್ಯೆ ಇರಬಾರದು, ಇಲ್ಲದ ಸದಸ್ಯರ ಹೆಸರಿನಲ್ಲಿ ಎರವಲು ಇರಬಾರದು ಎಂಬ ನಿಯಮಗಳನ್ನು ಕ್ಲಾಸಿನಲ್ಲಿ ಮಾತ್ರ ಬರೆದಿದ್ದರೆ, ಆ ಕ್ಲಾಸನ್ನು ಬಳಸದ ಇನ್ನೊಂದು ಪ್ರೋಗ್ರಾಮ್ ಅದೇ ಕೋಷ್ಟಕಕ್ಕೆ ತಪ್ಪು ಸಾಲನ್ನು ಸೇರಿಸಬಲ್ಲದು. ಪ್ರೋಗ್ರಾಮುಗಳು ಕೆಲವು ವರ್ಷಗಳಲ್ಲಿ ಬದಲಾಗುತ್ತವೆ; ಮಾಹಿತಿ ದಶಕಗಳ ಕಾಲ ಉಳಿಯುತ್ತದೆ. ಆದುದರಿಂದ ಇಂತಹ ನಿಯಮಗಳನ್ನು ಪ್ರೈಮರಿ ಕೀ, ಫಾರಿನ್ ಕೀ ಮುಂತಾದ ನಿರ್ಬಂಧಗಳಾಗಿ ಕೋಷ್ಟಕದಲ್ಲಿಯೇ ಘೋಷಿಸುವುದು ಉಚಿತ. ಕ್ಲಾಸಿನಲ್ಲಿಯೂ ಅವನ್ನು ಪರೀಕ್ಷಿಸಿದರೆ ಬಳಕೆದಾರರಿಗೆ ಬೇಗನೆ ಸೂಚನೆ ಕೊಡಬಹುದು. ಆದರೆ ಕೊನೆಯ ಕಾವಲು ಕೋಷ್ಟಕದ್ದೇ ಆಗಿರಬೇಕು.

ಕಾಡ್ ಅವರೂ ಕೋಷ್ಟಕಗಳು ವಾಸ್ತವ ಲೋಕದ ಅರ್ಥವನ್ನು ಇನ್ನಷ್ಟು ಹಿಡಿದಿಡಬೇಕೆಂದು ಬಯಸಿದ್ದರು. 1979ರ ಲೇಖನವೊಂದರಲ್ಲಿ ತಮ್ಮ ಮಾದರಿಯನ್ನು ವಿಸ್ತರಿಸಿ, ಪ್ರತಿ ವಸ್ತುವಿಗೂ ವ್ಯವಸ್ಥೆಯೇ ಕೊಡುವ ಸ್ಥಿರವಾದ ಗುರುತನ್ನೂ, ಒಂದು ಪ್ರಕಾರದೊಳಗೆ ಉಪಪ್ರಕಾರಗಳನ್ನೂ ಸೂಚಿಸಿದರು. ಆಬ್ಜೆಕ್ಟಿನ ಗುರುತು ಮತ್ತು ಕ್ಲಾಸುಗಳ ಆನುವಂಶಿಕತೆಗೆ ಹತ್ತಿರವಾದ ಕಲ್ಪನೆಗಳಿವು.

ಕೊನೆಯ ವರ್ಷಗಳು

1984ರಲ್ಲಿ ಐಬಿಎಂನಿಂದ ನಿವೃತ್ತರಾದ ಕಾಡ್, ತಮ್ಮ ವಿಚಾರಗಳ ಪ್ರಮುಖ ವ್ಯಾಖ್ಯಾನಕಾರರಾದ ಕ್ರಿಸ್ ಡೇಟ್ ಅವರೊಂದಿಗೆ ಸಲಹಾ ಸಂಸ್ಥೆಯನ್ನು ನಡೆಸಿದರು. 1990ರಲ್ಲಿ ತಮ್ಮ ಮಾದರಿಯ ಎರಡನೆಯ ಆವೃತ್ತಿಯನ್ನು ಗ್ರಂಥರೂಪದಲ್ಲಿ ಪ್ರಕಟಿಸಿದರು. 1993ರಲ್ಲಿ ಮಾಹಿತಿಯನ್ನು ಹಲವು ಆಯಾಮಗಳಿಂದ ವಿಶ್ಲೇಷಿಸುವ ವಿಧಾನಕ್ಕೆ ಓಲ್ಯಾಪ್ ಎಂಬ ಹೆಸರನ್ನು ಬಳಕೆಗೆ ತಂದರು. ಆ ಬರಹಕ್ಕೆ ಇಂತಹ ತಂತ್ರಾಂಶವನ್ನು ಮಾರುತ್ತಿದ್ದ ಕಂಪನಿಯೊಂದರ ಪ್ರಾಯೋಜಕತ್ವವಿತ್ತೆಂಬುದು ತಿಳಿದುಬಂದಾಗ ಟೀಕೆಗೂ ಒಳಗಾದರು.

ಪ್ರಶಸ್ತಿ ಗೌರವಗಳು

ಐಬಿಎಂ ಸಂಸ್ಥೆಯು 1976ರಲ್ಲಿ ಕಾಡ್ ಅವರಿಗೆ ತನ್ನ ಅತ್ಯುನ್ನತ ತಾಂತ್ರಿಕ ಗೌರವವಾದ ಐಬಿಎಂ ಫೆಲೋ ಸ್ಥಾನವನ್ನು ನೀಡಿತು. 1981ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಸಂದಿತು. 1994ರಲ್ಲಿ ಎಸಿಎಂನ ಫೆಲೋ ಆಗಿ ಆಯ್ಕೆಯಾದರು. ಅವರ ಮರಣಾನಂತರ, 2004ರಲ್ಲಿ, ದತ್ತಸಂಚಯ ಕ್ಷೇತ್ರದ ನವೀನ ಸಾಧನೆಗಳಿಗೆ ಎಸಿಎಂನ ಸಿಗ್‌ಮಾಡ್ ವಿಭಾಗ ಕೊಡುವ ಪ್ರಶಸ್ತಿಗೆ ಅವರ ಹೆಸರನ್ನು ಇಡಲಾಯಿತು.

ನಿಧನ

ಕಾಡ್ ಅವರು 2003ರ ಏಪ್ರಿಲ್ 18ರಂದು ಅಮೆರಿಕದ ಫ್ಲಾರಿಡಾ ರಾಜ್ಯದ ವಿಲಿಯಮ್ಸ್ ಐಲ್ಯಾಂಡ್‌ನಲ್ಲಿರುವ ತಮ್ಮ ಮನೆಯಲ್ಲಿ ಹೃದಯ ವೈಫಲ್ಯದಿಂದ ನಿಧನರಾದರು. ಆಗ ಅವರಿಗೆ 79 ವರ್ಷ ವಯಸ್ಸಾಗಿತ್ತು. ಅವರು ಮಂಡಿಸಿದ ಕೋಷ್ಟಕದ ಮಾದರಿಯು ಐದು ದಶಕಗಳ ನಂತರವೂ ದತ್ತಸಂಚಯಗಳ ಅಧ್ಯಯನ ಮತ್ತು ಬಳಕೆಗೆ ಆಧಾರವಾಗಿದೆ.